ಸವಣೂರಿನ ಶೋಧಕನಿಗೆ ತೆರೆದ ಗ್ರಂಥಭಾಂಡಾರ

ವಿಶ್ವವಿದ್ಯಾನಿಲಯವನ್ನು ಬಿಟ್ಟು ಸವಣೂರಿನಂತಹ ಊರಲ್ಲಿ ನೆಲೆಸಿದ ಅಧ್ಯಾಪಕನ ಶೋಧನೆಗೆ ಆಕರಗಳ ಅಭಾವವೇ ಮೊದಲ ವಿಘ್ನವು. ಈಗ ಇಂಟರ್ನೆಟ್ ಆರ್ಕೈವ್ ಎಂಬ ಜಾಲಭಾಂಡಾರದಲ್ಲಿ ಕಿಟ್ಟೆಲರ ನಿಘಂಟು (1894), ಫ್ಲೀಟರ ಕನ್ನಡ ಜಿಲ್ಲೆಗಳ ರಾಜವಂಶಚರಿತ್ರೆ (1882), ಧಾರವಾಡದ ಗ್ಯಾಜೆಟಿಯರು (1884) ಇವು ಶುಲ್ಕವಿಲ್ಲದೆ ದೊರೆಯುವುವು. ಆದರೆ ಹುಡುಕುವ ಕ್ರಮವನ್ನರಿಯಬೇಕು.

ಸವಣೂರು 1948ರವರೆಗೆ ಧಾರವಾಡ ಜಿಲ್ಲೆಯ ನಡುವಣ ಪ್ರತ್ಯೇಕ ಸಂಸ್ಥಾನವಾಗಿದ್ದಿತು. ಆದುದರಿಂದ ಮೈಸೂರು-ಕೊಡಗುಗಳಿಗೆ ಸೀಮಿತವಾದ ರೈಸರ ‘ಎಪಿಗ್ರಾಫಿಯ ಕರ್ನಾಟಿಕ’ದಲ್ಲಿ ಈ ಸೀಮೆಯ ಶಾಸನಗಳನ್ನರಸುವುದು ವ್ಯರ್ಥ, ದಕ್ಷಿಣ ಭಾರತ ಶಾಸನಮಾಲೆಯ ಮುಂಬಯಿ-ಕರ್ನಾಟಕ ಸಂಪುಟಗಳನ್ನು ನೋಡತಕ್ಕದ್ದು. ಹಳೆಯ ಆಂಗ್ಲ ಲೇಖನಗಳಲ್ಲಿ ಈ ಊರು ‘ಶಾನೂರ್’ ಎಂದೂ ಕಾಣುವುದರಿಂದ ಆ ರೂಪವನ್ನೂ ಹುಡುಕಬೇಕು.

ಯಂತ್ರವು ಓದಿಕೊಟ್ಟ ಪಾಠವನ್ನು ಪುಟದ ಚಿತ್ರದೊಡನೆ ಹೋಲಿಸಿಯೇ ಉದ್ಧರಿಸಬೇಕು. ಒಂದಕ್ಷರ ತಪ್ಪಿದರೆ ಶಾಸನದ ಕಾಲವೇ ತಪ್ಪೀತು. ಭಾಂಡಾರವು ಎಲ್ಲರಿಗೂ ತೆರೆದಿದೆ, ವಿವೇಚನೆಯು ಓದುಗನದು.