ವಿತ್

ವಿತ್ ಎಂಬುದು ಇಂಗ್ಲಿಷಿನಲ್ಲಿ ಬಹಳ ಬಳಕೆಯಲ್ಲಿರುವ ಪ್ರಿಪೊಸಿಷನ್, ಅಂದರೆ ನಾಮಪದಕ್ಕೆ ಮೊದಲು ಬಂದು ಸಂಬಂಧವನ್ನು ಸೂಚಿಸುವ ಪದ. ಕನ್ನಡದಲ್ಲಿ ಇದಕ್ಕೆ ಒಂದೇ ಸಮಾನ ರೂಪವಿಲ್ಲ.

ಇತಿಹಾಸ

ಹಳೆಯ ಇಂಗ್ಲಿಷಿನಲ್ಲಿ ಈ ಪದದ ಮುಖ್ಯ ಅರ್ಥ 'ವಿರುದ್ಧ' ಎಂದಿತ್ತು. 'ಜೊತೆ' ಎನ್ನಲು 'ಮಿಡ್' ಎಂಬ ಬೇರೆ ಪದವಿತ್ತು; ಜರ್ಮನ್ ಭಾಷೆಯ 'ಮಿಟ್' ಅದರ ಸಂಬಂಧಿ. ಮಧ್ಯಕಾಲೀನ ಇಂಗ್ಲಿಷಿನಲ್ಲಿ 'ವಿತ್' ಜೊತೆಯ ಅರ್ಥವನ್ನು ಪಡೆದು, 'ಮಿಡ್' ಬಳಕೆ ತಪ್ಪಿತು. ಸೂಲಗಿತ್ತಿ ಎಂಬರ್ಥದ 'ಮಿಡ್‌ವೈಫ್' ಪದದಲ್ಲಿ ಅದು ಉಳಿದುಕೊಂಡಿದೆ. ಎದುರಿಸಿ ನಿಲ್ಲು ಎಂಬರ್ಥದ 'ವಿತ್‌ಸ್ಟ್ಯಾಂಡ್' ಪದದಲ್ಲಿ ಹಳೆಯ ವಿರೋಧಾರ್ಥವನ್ನು ಕಾಣಬಹುದು.

ಪ್ರಮುಖ ಅರ್ಥಗಳು

* ಸಾಹಚರ್ಯ: 'ವಿತ್ ಹರ್ ಬ್ರದರ್' – ಅಣ್ಣನೊಡನೆ
* ಸಾಧನ: 'ವಿತ್ ಎ ನೈಫ್' – ಚಾಕುವಿನಿಂದ
* ಲಕ್ಷಣ: 'ಎ ಹೌಸ್ ವಿತ್ ಎ ಗಾರ್ಡನ್' – ತೋಟವಿರುವ ಮನೆ
* ರೀತಿ: 'ವಿತ್ ಕೇರ್' – ಎಚ್ಚರಿಕೆಯಿಂದ
* ಕಾರಣ: 'ಟ್ರೆಂಬಲ್ ವಿತ್ ಫಿಯರ್' – ಭಯದಿಂದ ನಡುಗು

ಸಂದಿಗ್ಧತೆ

'ಫೈಟ್ ವಿತ್' ಎಂದರೆ ಒಬ್ಬರ ವಿರುದ್ಧ ಹೋರಾಡುವುದೂ ಆಗಬಹುದು, ಅವರ ಪಕ್ಷದಲ್ಲಿ ನಿಂತು ಹೋರಾಡುವುದೂ ಆಗಬಹುದು. ಕನ್ನಡದ 'ಒಡನೆ' ಕೂಡ 'ಶತ್ರುಗಳೊಡನೆ ಹೋರಾಡು' ಎಂಬಲ್ಲಿ ವಿರೋಧವನ್ನೇ ಸೂಚಿಸುತ್ತದೆ. ಆದ್ದರಿಂದ ಸಂದರ್ಭವನ್ನು ನೋಡಿಯೇ ಅರ್ಥವನ್ನು ನಿರ್ಧರಿಸಬೇಕು.

'ಬೈ' ಪದದೊಂದಿಗೆ ಹೋಲಿಕೆ

ಕರ್ಮಣಿ ಪ್ರಯೋಗದಲ್ಲಿ 'ಬೇಟೆಗಾರನಿಂದ', 'ಬಂದೂಕಿನಿಂದ' ಎಂಬೆರಡಕ್ಕೂ ಕನ್ನಡದಲ್ಲಿ 'ಇಂದ' ಪ್ರತ್ಯಯವೇ ಬರುತ್ತದೆ. ಇಂಗ್ಲಿಷಿನಲ್ಲಿ ಕೊಂದವನಿಗೆ 'ಬೈ', ಅವನು ಬಳಸಿದ ಆಯುಧಕ್ಕೆ 'ವಿತ್' ಬಳಸಲಾಗುತ್ತದೆ. ಕನ್ನಡದಿಂದ ಇಂಗ್ಲಿಷಿಗೆ ಅನುವಾದಿಸುವಾಗ ಈ ಭೇದವನ್ನು ಗಮನಿಸುವುದು ಅಗತ್ಯ.