ಗಣಕಾಸ್ತ್ರಗಳೂ ರಾಷ್ಟ್ರಗಳ ತೊಡಕುಗಳೂ

ಆಯುಧವೊಂದನ್ನು ಪ್ರಯೋಗಿಸುವುದೆಂದರೆ ಅದರ ಮರ್ಮವನ್ನು ಶತ್ರುವಿಗೆ ತೋರಿಸಿದಂತೆಯೇ ಸರಿ. ಇದಕ್ಕೆ ನಮ್ಮ ನಾಡಿನಲ್ಲಿಯೇ ನಿದರ್ಶನವುಂಟು. ಟಿಪ್ಪುವಿನ ಸೈನ್ಯದ ಕಬ್ಬಿಣದ ಕೊಳವೆಯ ರಾಕೆಟ್ಟುಗಳು 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ತರುವಾಯ ಇಂಗ್ಲೆಂಡಿಗೆ ಹೋದುವು. ಅವುಗಳ ಮೇಲ್ಪಂಕ್ತಿಯಲ್ಲಿ ವಿಲಿಯಂ ಕಾಂಗ್ರೀವನು ರಚಿಸಿದ ರಾಕೆಟ್ಟುಗಳು 1807ರಲ್ಲಿ ಕೋಪನ್‌ಹೇಗನ್ ನಗರವನ್ನು ಸುಟ್ಟುವು. ಆದರೆ ಆ ಅನುಕರಣಕ್ಕೆ ವರ್ಷಗಳೇ ಹಿಡಿದುವು.

ಗಣಕಾಸ್ತ್ರವು ಲೋಹವಲ್ಲ, ಮದ್ದೂ ಅಲ್ಲ. ತಂತ್ರಾಂಶದಲ್ಲಿ ಯಾರ ಕಣ್ಣಿಗೂ ಬೀಳದೆ ಉಳಿದಿರುವ ಬಿರುಕೊಂದರ ಅರಿವು, ಅದರ ಮೂಲಕ ನುಸುಳುವಂತೆ ಬರೆದ ಆದೇಶಗಳು, ಇಷ್ಟೇ ಅದರ ಸ್ವರೂಪ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆ ಇದಕ್ಕೆ ಚೆನ್ನಾಗಿ ಸಲ್ಲುತ್ತದೆ. ಗುಟ್ಟು ಬಯಲಾದೊಡನೆ ತಯಾರಕರು ಬಿರುಕನ್ನು ಮುಚ್ಚುವರು, ಅಸ್ತ್ರ ನಿಷ್ಫಲವಾಗುವುದು. ಇದು ಮೊದಲನೆಯ ತೊಡಕು.

ಎರಡನೆಯದು ಗುರಿಯ ತೊಡಕು. ಇರಾನಿನ ನತಾನ್ಜ್‌ನಲ್ಲಿ ಯುರೇನಿಯಂ ಸಂಸ್ಕರಿಸುವ ಯಂತ್ರಗಳನ್ನು ಕೆಡಿಸಲು ರಚಿತವಾದ ಸ್ಟಕ್ಸ್‌ನೆಟ್ 2010ರಲ್ಲಿ ಬೆಳಕಿಗೆ ಬಂದಾಗ ಭಾರತದ ಗಣಕಗಳಿಗೂ ಹರಡಿತ್ತು. ಗುರಿಯಲ್ಲದ ಯಂತ್ರಗಳಿಗೆ ಕೇಡು ತಗಲದಂತೆ ಅದನ್ನು ಹೆಣೆದಿದ್ದರು. ನಾಟ್‌ಪೆಟ್ಯಾದಲ್ಲಿ ಆ ಸಂಯಮವೂ ಇರಲಿಲ್ಲ. 2017ರ ಜೂನ್ 27ರಂದು ಯುಕ್ರೇನಿನ ಮೇಲೆ ಬಿಟ್ಟ ಆ ಅಸ್ತ್ರವು ಮುಂಬಯಿ ಬಳಿಯ ಜವಾಹರಲಾಲ್ ನೆಹರೂ ಬಂದರಿನ ಒಂದು ಟರ್ಮಿನಲ್ಲನ್ನು ಸ್ತಬ್ಧಗೊಳಿಸಿತು. ಅದನ್ನು ಬಿಟ್ಟದ್ದು ರಷ್ಯವೇ ಎಂದು ಅಮೆರಿಕ, ಬ್ರಿಟನ್‌ಗಳು 2018ರಲ್ಲಿ ಆರೋಪಿಸಿದುವು, ರಷ್ಯ ಅಲ್ಲಗಳೆಯಿತು. ಅದರ ಪೆಟ್ಟು ರಷ್ಯದ ರಾಸ್‌ನೆಫ್ಟ್ ತೈಲಸಂಸ್ಥೆಗೂ ತಗುಲಿತ್ತೆಂಬುದು ಗಮನಾರ್ಹ.

ಮೂರನೆಯದೇ ಎಲ್ಲಕ್ಕಿಂತ ಗಹನವಾದುದು. ಶತ್ರುವೂ ನಾವೂ ಬಳಸುವ ತಂತ್ರಾಂಶ ಒಂದೇ. ಬಿರುಕನ್ನು ಅಸ್ತ್ರಕ್ಕಾಗಿ ಗುಟ್ಟಾಗಿಡುವ ಸರ್ಕಾರವು ತನ್ನ ಪ್ರಜೆಗಳ ಮನೆಯ ಕದವನ್ನೂ ತೆರೆದಿಟ್ಟಂತಾಯಿತು. ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆಯಿಂದ ಕದ್ದ ಅಂತಹ ಒಂದು ಸಾಧನವು 2017ರ ಏಪ್ರಿಲ್ 14ರಂದು ಬಹಿರಂಗವಾಯಿತು. ತಯಾರಕರು ಮಾರ್ಚಿಯಲ್ಲಿಯೇ ತೇಪೆ ಒದಗಿಸಿದ್ದರೂ ಅದನ್ನು ಹಾಕಿಕೊಳ್ಳದವರು ಅಸಂಖ್ಯ. ಮೇ 12ರಂದು ಅದೇ ಸಾಧನವನ್ನು ಒಳಗೊಂಡ ವಾನಾಕ್ರೈ ಬ್ರಿಟನ್ನಿನ ಆಸ್ಪತ್ರೆಗಳ ಗಣಕಗಳಿಗೆ ಬೀಗ ಜಡಿದು ಹಣ ಕೇಳಿತು. ರಾಕೆಟ್ಟಿಗೆ ವರ್ಷಗಳು ಬೇಕಾದುವು. ಇದಕ್ಕೆ ನಾಲ್ಕೇ ವಾರ.

ಗೊಟಗೋಡಿಯಲ್ಲಿ ಕುಳಿತ ನಮಗೆ ಇದು ದೂರದ ಸಂಗತಿಯೆಂದು ತೋರಬಹುದು. ಆದರೆ ಹಳ್ಳಿಯ ಹಿರಿಯರ ಕಂಠದಿಂದ ಸಂಗ್ರಹಿಸಿದ ಹಾಡು-ಕಥೆಗಳು ಇಂದು ಇಂತಹ ಗಣಕಗಳಲ್ಲಿಯೇ ಇರುವುವು. ಹಾಡಿದವರು ಅಗಲಿದ ಮೇಲೆ ಅವನ್ನು ಮತ್ತೊಮ್ಮೆ ಪಡೆಯುವಂತಿಲ್ಲ. ಆದುದರಿಂದ ಕಂಡ ಬಿರುಕನ್ನು ಬಚ್ಚಿಡುವುದಕ್ಕಿಂತ ಮುಚ್ಚುವುದೇ ರಾಷ್ಟ್ರಕ್ಕೆ ಮೊದಲ ರಕ್ಷೆಯೆಂದು ನಾವು ಭಾವಿಸುತ್ತೇವೆ.