ರಾತ್ರಿ ಎಂಟರ ಓಟ, ಮಧ್ಯಾಹ್ನ ಎರಡರ ಮೈ

ಫಾರ್ಮುಲಾ ಒನ್ ಸಿಂಗಪುರಕ್ಕೆ ಬಂದಾಗ ತಂಡಗಳ ಹೋಟೆಲುಗಳಲ್ಲಿ ಬೆಳಗಾಗುವುದೇ ಮಧ್ಯಾಹ್ನದ ಹೊತ್ತಿಗೆ. ಚಾಲಕರು, ಮೆಕ್ಯಾನಿಕ್‌ಗಳು ನಸುಕಿನಲ್ಲಿ ಮಲಗಿ, ಬಿಸಿಲೇರಿದ ಮೇಲೆ ಎದ್ದು ತಿಂಡಿ ತಿನ್ನುತ್ತಾರೆ. ಇದು ಶೋಕಿಯಲ್ಲ, ಲೆಕ್ಕಾಚಾರ. ಭಾನುವಾರದ ಓಟ ಶುರುವಾಗುವುದು ರಾತ್ರಿ 8ಕ್ಕೆ. ಆಗ ಮಧ್ಯ ಯುರೋಪಿನಲ್ಲಿ ಮಧ್ಯಾಹ್ನ 2 ಗಂಟೆ. ಟಿವಿ ಮುಂದೆ ಕೂತ ಬೆಂಗಳೂರಿನವರಿಗೆ ಸಂಜೆ 5.30. ದೇಹದ ಗಡಿಯಾರ ಬೆಳಕನ್ನು ನೋಡಿ ತನ್ನನ್ನು ತಿದ್ದಿಕೊಳ್ಳುತ್ತದೆ, ಅದೂ ದಿನಕ್ಕೆ ಸುಮಾರು ಒಂದು ಗಂಟೆಯಷ್ಟೇ. ಹಾಗಾಗಿ ಕಿಟಕಿಗೆ ದಪ್ಪ ಪರದೆ ಎಳೆದು, ಬೆಳಗಿನ ಬಿಸಿಲಿಗೆ ಕಣ್ಣು ಕೊಡದೆ, ಮೈಯನ್ನು ಯುರೋಪಿನಲ್ಲೇ ಬಿಟ್ಟು ಬಂದಂತೆ ಇರುತ್ತಾರೆ.

2008ರಲ್ಲಿ ಫಾರ್ಮುಲಾ ಒನ್‌ನ ಮೊದಲ ರಾತ್ರಿ ಓಟ ನಡೆದದ್ದು ಇಲ್ಲೇ, ಮರೀನಾ ಬೇ ಬಡಾವಣೆಯ ಬೀದಿಗಳಲ್ಲಿ. ಪರದೆ ಎಳೆದು ಮೈಯನ್ನು ಒಪ್ಪಿಸಬಹುದು, ಆದರೆ ಬಿಸಿಲಿಗೆ ಕಾಯುವ ಡಾಂಬರನ್ನು ಒಪ್ಪಿಸಲಾಗದು.

2024ರ ವೇಳಾಪಟ್ಟಿ ನೋಡಿ. ಗುರುವಾರ ಪತ್ರಕರ್ತರ ಪ್ರಶ್ನೆಗಳು, ಎಂಜಿನಿಯರ್‌ಗಳ ಜೊತೆ ಟ್ರ್ಯಾಕ್ ಮೇಲೊಂದು ಸುತ್ತು ನಡಿಗೆ. ಶುಕ್ರವಾರ ಸಂಜೆ 5.30ಕ್ಕೆ ಮೊದಲ ಅಭ್ಯಾಸ, ರಾತ್ರಿ 9ಕ್ಕೆ ಎರಡನೆಯದು. ಶನಿವಾರ ಸಂಜೆ 5.30ಕ್ಕೆ ಮೂರನೆಯದು, ರಾತ್ರಿ 9ಕ್ಕೆ ಅರ್ಹತಾ ಸುತ್ತು. ಅಲ್ಲಿ ಸೂರ್ಯ ಮುಳುಗುವುದು ಸುಮಾರು 7ಕ್ಕೆ. ಅಂದರೆ ಒಂದೊಂದು ಗಂಟೆಯ ಮೂರು ಅಭ್ಯಾಸಗಳಲ್ಲಿ ಎರಡು ಹಗಲಿನವು! ದಿನವಿಡೀ ಕಾದ ಡಾಂಬರಿನ ಮೇಲೆ ಹಿಂದಿನ ಟೈರುಗಳು ಬೇಗ ಬಿಸಿಯಾಗಿ ಜಾರುತ್ತವೆ. ಆ ಜಾರಾಟಕ್ಕೆ ಮದ್ದು ಮಾಡಿ ಕಾರನ್ನು ಹೊಂದಿಸಿದರೆ, ನೆಲ ತಣಿದ ರಾತ್ರಿಯಲ್ಲಿ ಅದೇ ಕಾರಿನ ಮೂತಿ ತಿರುವಿನಲ್ಲಿ ತಿರುಗಲು ಮೊಂಡು ಹಿಡಿಯಬಹುದು. ನಂಬಬಹುದಾದ ಅಳತೆ ಸಿಗುವುದು ಶುಕ್ರವಾರ ರಾತ್ರಿಯ ಆ ಒಂದು ಗಂಟೆಯಲ್ಲಿ ಮಾತ್ರ. ಮೊದಲು ಇಂಧನ ಕಡಿಮೆ ಹಾಕಿ, ಮೆದು ಟೈರಿನಲ್ಲಿ ಒಂದು ವೇಗದ ಸುತ್ತು. ಆಮೇಲೆ ಇಂಧನ ತುಂಬಿಸಿ, ಟೈರು ಎಷ್ಟು ಹೊತ್ತು ಬಾಳುತ್ತದೆಂಬ ಪರೀಕ್ಷೆ.

ಇದರ ಜೊತೆಗೆ ನೆಲದ ಗುಣವೇ ಬದಲಾಗುತ್ತಿರುತ್ತದೆ. ಶುಕ್ರವಾರ ಇದು ಬಸ್ಸು, ಟ್ಯಾಕ್ಸಿ ಓಡಾಡಿದ ಧೂಳು ರಸ್ತೆ. ಕಾರುಗಳು ಓಡಿದಂತೆಲ್ಲ ಟೈರಿನ ರಬ್ಬರು ಡಾಂಬರಿನ ಸಣ್ಣ ಕುಳಿಗಳಲ್ಲಿ ಕೂತು, ಹೊಸ ಕಾವಲಿ ಎಣ್ಣೆ ಕುಡಿದು ಪಳಗುವಂತೆ, ರಸ್ತೆ ಪಳಗುತ್ತದೆ, ಹಿಡಿತ ಹೆಚ್ಚುತ್ತದೆ. ಸುತ್ತಿನ ಸಮಯ ಇಳಿದರೆ ಅದು ಕಾರಿನ ಗುಣವೋ ರಸ್ತೆಯ ಕೃಪೆಯೋ ಎಂದು ಬೇರ್ಪಡಿಸುವುದೇ ಎಂಜಿನಿಯರ್‌ಗಳ ತಲೆನೋವು. ನಡುವೆ ಜೋರು ಮಳೆ ಬಂದರೆ ರಬ್ಬರೆಲ್ಲ ತೊಳೆದುಹೋಗಿ ಲೆಕ್ಕ ಮತ್ತೆ ಮೊದಲಿನಿಂದ.

2024ರಲ್ಲಿ ಅರ್ಹತಾ ಸುತ್ತಿಗೆ 18, 15, 12 ನಿಮಿಷಗಳ ಮೂರು ಕಂತು ಇದ್ದವು. 20 ಕಾರು 15 ಆಗಿ, ಆಮೇಲೆ 10 ಆಗುತ್ತಿದ್ದವು. ಅರ್ಹತಾ ಸುತ್ತಿನಿಂದ ಮುಂದೆ ಕಾರಿನ ಹೊಂದಾಣಿಕೆ ಬದಲಿಸುವಂತಿಲ್ಲ. ಮುಂದಿನ ರೆಕ್ಕೆಯ ಕೋನದಂಥ ಒಂದೆರಡು ವಿನಾಯಿತಿ ಬಿಟ್ಟರೆ ಶನಿವಾರದ ಕಾರೇ ಭಾನುವಾರಕ್ಕೂ. ವಾರಾಂತ್ಯದ ಎಲ್ಲ ನಿಯಮಗಳಲ್ಲಿ ನನಗೆ ಅತಿ ಜಾಣತನದ್ದೆನಿಸುವುದು ಇದೇ. ಒಂದು ಸುತ್ತಿನ ವೇಗಕ್ಕೂ 62 ಸುತ್ತಿನ ಬಾಳಿಕೆಗೂ ನಡುವೆ ಎಲ್ಲಿ ನಿಲ್ಲಬೇಕೆಂದು ತಂಡ ಮೊದಲೇ ತೀರ್ಮಾನಿಸಬೇಕು. ಮುಂದಿನವರನ್ನು ಹಿಂದಿಕ್ಕಲು ಜಾಗವೇ ಕಡಿಮೆಯಿರುವ ಬೀದಿಗಳಲ್ಲಿ ಹೆಚ್ಚಿನವರು ವಾಲುವುದು ಶನಿವಾರದ ಕಡೆಗೆ.

2024ರಲ್ಲಿ ಶುಕ್ರವಾರ ಫೆರಾರಿ ತಂಡಕ್ಕೆ ಒಳ್ಳೆಯ ದಿನವಾಗಿತ್ತು. ಅದರ ಚಾಲಕ ಲೆಕ್ಲರ್ಕ್ ಮೊದಲ ಅಭ್ಯಾಸದಲ್ಲಿ ಮುಂದಿದ್ದರು, ರಾತ್ರಿಯ ಅಭ್ಯಾಸದಲ್ಲಿ ಮೆಕ್ಲಾರೆನ್‌ನ ನಾರಿಸ್‌ಗಿಂತ ಕೊಂಚವೇ ಹಿಂದೆ ಎರಡನೆಯವರಾಗಿದ್ದರು. ಶನಿವಾರ ರಾತ್ರಿ ಅದೇ ತಂಡದ ಸೈಂಝ್ ಅರ್ಹತಾ ಸುತ್ತಿನ ಕೊನೆಯ ಕಂತಿನ ಆರಂಭದಲ್ಲೇ ಗೋಡೆಗೆ ಗುದ್ದಿದರು. ಲೆಕ್ಲರ್ಕ್ ಕಾರಿನ ಮುಂದಿನ ಟೈರುಗಳು ತಕ್ಕ ಉಷ್ಣತೆಯಲ್ಲಿರಲಿಲ್ಲ, ಜೊತೆಗೆ ಟ್ರ್ಯಾಕ್ ಅಂಚಿನ ಗೆರೆ ದಾಟಿದ್ದಕ್ಕೆ ಅವರ ಸಮಯವೂ ರದ್ದಾಯಿತು. ಇಬ್ಬರಿಗೂ ಸಿಕ್ಕಿದ್ದು 9 ಮತ್ತು 10ನೇ ಸ್ಥಾನ. ಮೊದಲ ಸ್ಥಾನ ಹಿಡಿದ ಮೆಕ್ಲಾರೆನ್‌ನ ಲ್ಯಾಂಡೊ ನಾರಿಸ್ ಭಾನುವಾರ ಗೋಡೆಯನ್ನು ಸವರಿಯೂ 20 ಸೆಕೆಂಡಿಗೂ ಹೆಚ್ಚು ಅಂತರದಿಂದ ಗೆದ್ದರು. ಫೆರಾರಿಯವರು ಮೇಲೇರಿದ್ದು 5 ಮತ್ತು 7ರವರೆಗೆ ಮಾತ್ರ.